ಇಪ್ಪತ್ತರ ಗೆರೆಯಾಚೆ ಉಳಿದ ರೇಷ್ಮೆ ಕಾರ್ಮಿಕರು

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಬಿಸಿನೀರಿನಲ್ಲಿ ಕೈಯಾಡಿಸುತ್ತ ಗೂಡಿನಿಂದ ನೂಲು ಬಿಚ್ಚುವ ಹಲವರಿಗೆ ಭವಿಷ್ಯನಿಧಿ (ಪಿಎಫ್) ಖಾತೆಯೇ ಇಲ್ಲ. ರೇಷ್ಮೆಯನ್ನು ಕಾನೂನು ಮರೆತಿದ್ದರಿಂದ ಹೀಗಾಗಿಲ್ಲ. 1951ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1952ರಲ್ಲಿ ಕಾಯ್ದೆಯಾದ ಕಡ್ಡಾಯ ಭವಿಷ್ಯನಿಧಿ ಮೊದಲಿಗೆ ಆರು ಉದ್ದಿಮೆಗಳಿಗಷ್ಟೇ ಅನ್ವಯಿಸುತ್ತಿತ್ತು. ಅವುಗಳಲ್ಲಿ ಜವಳಿಯೂ ಒಂದು, ಜವಳಿಯ ವಿವರಣೆಯಲ್ಲಿ ರೇಷ್ಮೆಯ ಹೆಸರೂ ಇತ್ತು. ಆದರೆ 50 ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಯಾಗಿರಬೇಕಿತ್ತು. 1960ರಲ್ಲಿ ಈ ಸಂಖ್ಯೆ 20ಕ್ಕೆ ಇಳಿಯಿತು, ಆಮೇಲೆ ಅಲ್ಲೇ ನಿಂತಿತು. ಬೆರಳೆಣಿಕೆಯ ಕೆಲಸಗಾರರಿರುವ ರೀಲಿಂಗ್ ಶೆಡ್ಡಿನ ಪಾಲಿಗೆ ಎರಡೂ ಒಂದೇ.

ಈ ಇಪ್ಪತ್ತರ ಗೆರೆಯ ಒಳಗಿರುವವರ ವಿಷಯದಲ್ಲಿ ಮಾತ್ರ ಚರ್ಚೆ ನಿಂತದ್ದೇ ಇಲ್ಲ. 1971ರಲ್ಲಿ ಕುಟುಂಬ ಪಿಂಚಣಿ ಬಂತು. 1995ರಲ್ಲಿ ಅದರ ಜಾಗಕ್ಕೆ ಬಂದ ನೌಕರರ ಪಿಂಚಣಿ ಯೋಜನೆಗೆ ಮಾಲೀಕರ ವಂತಿಗೆಯಿಂದ ವೇತನದ ಶೇ 8.33ರಷ್ಟನ್ನು ತಿರುಗಿಸಲಾಯಿತು. 2014ರ ಸೆಪ್ಟೆಂಬರ್‌ನಲ್ಲಿ ವಂತಿಗೆ ಲೆಕ್ಕಹಾಕುವ ವೇತನದ ಮಿತಿ ₹6,500ರಿಂದ ₹15,000ಕ್ಕೆ ಏರಿ, ಕನಿಷ್ಠ ಪಿಂಚಣಿ ತಿಂಗಳಿಗೆ ₹1,000 ಎಂದು ನಿಗದಿಯಾಯಿತು. ಹಲವು ವರ್ಷ ದುಡಿದವರಿಗೆ ತಿಂಗಳಿಗೆ ಸಾವಿರ ರೂಪಾಯಿಯನ್ನು ಭದ್ರತೆ ಎಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ವೃದ್ಧಾಪ್ಯದ ಹಣ ವೃದ್ಧಾಪ್ಯಕ್ಕೇ ಉಳಿಯಬೇಕೆಂಬ ವಾದದಲ್ಲಿ ಹುರುಳಿತ್ತು, ನಿಜ. ಆದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಹಣವೇ ಮಕ್ಕಳ ಓದಿಗೆ, ಮನೆಯ ಸಾಲಕ್ಕೆ ಒದಗುವ ದೊಡ್ಡ ಮೊತ್ತವೆಂಬುದನ್ನು, ಅಷ್ಟು ವಯಸ್ಸಿನವರೆಗೆ ಅವರನ್ನು ಕೆಲಸದಲ್ಲಿ ಇಟ್ಟುಕೊಳ್ಳುವ ಕಾರ್ಖಾನೆಗಳು ವಿರಳವೆಂಬುದನ್ನು ಆ ಅಧಿಸೂಚನೆ ಗಣನೆಗೆ ತೆಗೆದುಕೊಂಡಿರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಅವರು ಬೆಂಗಳೂರಿನ ರಸ್ತೆಗಳಿಗಿಳಿದರು. 19ರಂದೇ ಸರ್ಕಾರ ಅದನ್ನು ಹಿಂಪಡೆಯಿತು.

ಗೆರೆಯ ಹೊರಗಿನವರಿಗೆ ಸಿಕ್ಕಿದ್ದು ಐಚ್ಛಿಕ ಯೋಜನೆಗಳು: 2015ರ ಅಟಲ್ ಪಿಂಚಣಿ, 2019ರ ಶ್ರಮಯೋಗಿ ಮಾನಧನ. ಮಾನಧನದಲ್ಲಿ ಕಾರ್ಮಿಕರು ಕಟ್ಟಿದಷ್ಟನ್ನೇ ಕೇಂದ್ರವೂ ಕಟ್ಟುತ್ತದೆ, 60ರ ನಂತರ ತಿಂಗಳಿಗೆ ₹3,000 ಬರಬೇಕು; ಆದರೆ 40 ದಾಟಿದವರು ಸೇರುವಂತಿಲ್ಲ, ಮಾಲೀಕರಿಗೆ ಯಾವ ಹೊಣೆಯೂ ಇಲ್ಲ.

2020ರ ಸಾಮಾಜಿಕ ಭದ್ರತಾ ಸಂಹಿತೆ ಉದ್ದಿಮೆಗಳ ಪಟ್ಟಿಯನ್ನು ಕೈಬಿಟ್ಟು ಭವಿಷ್ಯನಿಧಿಯನ್ನು ಎಲ್ಲ ಬಗೆಯ ಸಂಸ್ಥೆಗಳಿಗೂ ವಿಸ್ತರಿಸಿತಾದರೂ 20ರ ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಂಡಿತು. ಗೂಡಿನ ಹರಾಜಿನಲ್ಲಿ ದರ ಏರಿದ ದಿನ ಲಾಭವನ್ನೇ ಕಾಣದ ಸಣ್ಣ ರೀಲರ್‌ಗೆ ಶೇ 12ರ ವಂತಿಗೆ ಭಾರವೇ ಹೌದು. ಹಾಗಾಗಿ ಈ ಗೆರೆಯನ್ನು ಕೆಳಗಿಳಿಸುವುದಾದರೆ ಸರ್ಕಾರವು ಇಂಥ ಘಟಕಗಳ ಮಾಲೀಕರ ಪಾಲಿನಲ್ಲಿ ಒಂದಂಶವನ್ನಾದರೂ ಮೊದಲ ಕೆಲವು ವರ್ಷ ತಾನೇ ಭರಿಸಬೇಕು.