ತರಗು ಬೆಂಕಿ

ಮರದಿಂದ ಉದುರಿ ನೆಲದ ಮೇಲೆ ಒಣಗಿದ ಎಲೆಯೇ ತರಗು. ಮಲೆನಾಡಿನ ಕೆಲವು ಕಡೆ ಇದನ್ನೇ ದರಕು ಎನ್ನುತ್ತಾರೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಮಾತಿನಲ್ಲಿ ಅದರ ಜೊತೆ ಬೆಂಕಿಯೂ ಸೇರಿ ಒಂದು ಪದವಾಗಿದೆ: ತರಗು ಬೆಂಕಿ.

ಕಾಡಿನ ಬೆಂಕಿ ಎಂದರೆ ಉಳಿದವರಿಗೆ ನೆನಪಾಗುವುದು ಕಾಡ್ಗಿಚ್ಚು. ಕಾಡು, ಕಿಚ್ಚು ಕೂಡಿದ ಅಚ್ಚಗನ್ನಡ ಪದ ಅದು. ಸಂಸ್ಕೃತವೇ ಬೇಕೆಂದವರಿಗೆ ದಾವಾನಲವಿದೆ. ಎರಡರಲ್ಲೂ ಸಿಕ್ಕಿದ್ದನ್ನೆಲ್ಲ ನುಂಗುವ ಬೆಂಕಿಯ ದಿಗಿಲು ಇದೆ. ತರಗು ಬೆಂಕಿಗೆ ಆ ದಿಗಿಲು ಅಂಟಿಲ್ಲ. ಅದು ತಿನ್ನುವುದು ನೆಲದ ತರಗನ್ನು, ಜೊತೆಗೊಂದಿಷ್ಟು ಒಣಹುಲ್ಲನ್ನು, ಅಷ್ಟೇ.

ಸೋಲಿಗರು ಅದನ್ನು ಬೇಕೆಂದೇ ಹಚ್ಚುತ್ತಿದ್ದರು, ಅದಕ್ಕೊಂದು ಕಾಲವಿತ್ತು. ಜನವರಿ, ತಡವಾದರೆ ಫೆಬ್ರುವರಿಯ ಆರಂಭ. ಆಗ ಎಲೆ ಉದುರಲು ಶುರುವಾಗಿದ್ದರೂ ನೆಲದ ತೇವ ಪೂರ್ತಿ ಆರಿರುವುದಿಲ್ಲ, ಬೆಳಗಿನ ಇಬ್ಬನಿ ನಿಂತಿರುವುದಿಲ್ಲ. ಹಚ್ಚಿದ ಬೆಂಕಿ ಪಾದದೆತ್ತರದಲ್ಲಿ ಚುರುಚುರು ಎನ್ನುತ್ತ ತೆವಳುತ್ತದೆ, ಹಸಿ ಜಾಗ ಸಿಕ್ಕಲ್ಲಿ ತಾನೇ ಆರುತ್ತದೆ. ಮೊಂಡು ಹಿಡಿದರೆ ಹಸಿ ಸೊಪ್ಪಿನ ಕೊಂಬೆಯಿಂದ ನಾಲ್ಕು ಏಟು ಸಾಕು. ಅದೇ ತರಗು ಮಾರ್ಚಿಗೆ ಕಾದರೆ ಮೇಲೆ ಇನ್ನೊಂದು ಪದರ ಬಿದ್ದಿರುತ್ತದೆ, ಗಾಳಿಯೂ ಬಿಸಿಯಾಗಿರುತ್ತದೆ. ಆಗ ಕೊಂಬೆಯ ಏಟಿಗೆ ಅದು ಬಗ್ಗುವುದಿಲ್ಲ.

ಇದರಿಂದ ಏನು ಲಾಭ ಎಂದು ಕೇಳಿದರೆ ಸೋಲಿಗರ ಉತ್ತರದಲ್ಲಿ ಹುಲ್ಲು ಚಿಗುರುವ ಮಾತು ಬರುತ್ತದೆ. ನನಗೆ ಅದಕ್ಕಿಂತ ಸೊಗಸಾಗಿ ಕಾಣುವುದು ನೆಲ್ಲಿಮರದ ವಿಚಾರ. ಬೆಟ್ಟದ ನೆಲ್ಲಿಮರಗಳಿಗೆ ಒಂದು ಬಂದಳಿಕೆ ಹತ್ತಿಕೊಳ್ಳುತ್ತದೆ, ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಮರದ ರಸ ಹೀರಿ ಕೊಂಬೆಯನ್ನೇ ಒಣಗಿಸುವ ಗಿಡ. ಕೆಳಗೆ ಸಣ್ಣ ಬೆಂಕಿ ಹಾದುಹೋದರೆ ಮೇಲಿನ ಉಪ್ಪಿಲು ಸಾಯುತ್ತದೆ, ಮರ ಉಳಿಯುತ್ತದೆ ಎಂಬುದು ಅವರ ಅನುಭವ. ನೆಲ್ಲಿಕಾಯಿ ಆರಿಸಿ ಮಾರುವವರಿಗೆ ಇದು ಸಣ್ಣ ಸಂಗತಿಯಲ್ಲ. ಹೊರದೇಶದಿಂದ ಬಂದು ಕಾಡಿಗೆ ಹಬ್ಬಿದ ಪೊದೆಗಿಡ ಲಂಟಾನದ ಎಳೆ ಸಸಿಗಳೂ ಆ ಬೆಂಕಿಯಲ್ಲೇ ಸುಟ್ಟುಹೋಗುತ್ತಿದ್ದವು ಎನ್ನುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಕಾಯ್ದೆಯ ಕಣ್ಣಿಗೆ ತರಗು ಬೆಂಕಿ, ಕಾಡ್ಗಿಚ್ಚು ಎಂಬ ಭೇದ ಇರಲಿಲ್ಲ. ತಮಾಷೆಯೆಂದರೆ ಅರಣ್ಯ ಇಲಾಖೆಯೂ ಬೇಸಿಗೆಗೆ ಮುಂಚೆ ಬೆಂಕಿ ಹಚ್ಚುತ್ತದೆ. ದಾರಿಯ ಎರಡೂ ಬದಿ ಪೊದೆ ಸವರಿ, ಒಣಗಿಸಿ, ಕಾವಲು ನಿಂತು ಸುಡುವ ಆ ಪಟ್ಟಿಗೆ ಬೆಂಕಿ ರೇಖೆ ಎಂದು ಹೆಸರು. ಮುಂದೆ ಬರುವ ಬೆಂಕಿಗೆ ಅಲ್ಲಿ ತಿನ್ನಲು ಏನೂ ಉಳಿದಿರಬಾರದು ಎಂಬುದೇ ಅದರ ಲೆಕ್ಕ. ತರಗು ಬೆಂಕಿಯ ಲೆಕ್ಕವೂ ಅದೇ. ಇಲಾಖೆಯದು ಗೆರೆ, ಸೋಲಿಗರದು ಅಲ್ಲೊಂದು ಇಲ್ಲೊಂದು ತೇಪೆ.

ಬೆಂಕಿ ನಿಂತ ಮೇಲೆ ಕಾಡೊಳಗೆ ಲಂಟಾನ ಏರಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಬೆಟ್ಟದಲ್ಲಿ 1997ರಲ್ಲಿ ನೋಡಿದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಹರಡಿದ್ದ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಬೆಂಕಿ ನಿಂತದ್ದೊಂದೇ ಕಾರಣ ಎನ್ನಲಾಗದು, ಹಕ್ಕಿಗಳು ಹಣ್ಣು ತಿಂದು ಬೀಜ ಬೀರುವುದನ್ನು ಯಾರೂ ತಡೆಯಲಾರರು. ಆದರೆ ಒಣಗಿದ ಲಂಟಾನ ಬೆಂಕಿಗೆ ಏಣಿ. ನೆಲದ ಜ್ವಾಲೆ ಅದನ್ನು ಹಿಡಿದು ಮರದ ತಲೆಗೆ ಹತ್ತುತ್ತದೆ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಹೊತ್ತು ತಂದು ಸುರಿಯಬೇಕಾಯಿತು.

ಹಾಗಾದರೆ ನಾಳೆಯೇ ತರಗು ಬೆಂಕಿಗೆ ಅನುಮತಿ ಕೊಟ್ಟುಬಿಡಬಹುದೇ? 2011ರಲ್ಲಿ ಇದೇ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು. ಹಕ್ಕುಪತ್ರವಿದ್ದರೂ ಆಳೆತ್ತರದ ಲಂಟಾನದ ಬುಡದಲ್ಲಿ ಈಗ ಕಡ್ಡಿ ಗೀರಿದರೆ ಏಳುವುದು ತರಗು ಬೆಂಕಿಯಲ್ಲ. ಮೊದಲು ಅದನ್ನು ಬೇರುಸಹಿತ ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಏಟ್ರೀ ಜೊತೆ ಸೇರಿ ಸೋಲಿಗರು ಲಂಟಾನದ ಕಡ್ಡಿಗಳನ್ನು ಕುದಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಾಗಿಸಿ ಕುರ್ಚಿ ಮಾಡುವುದನ್ನು ಕಲಿತರು. ಗಟ್ಟಿಮುಟ್ಟಾದ ಕುರ್ಚಿಗಳು, ಹುಳ ಹತ್ತುವುದೂ ಕಡಿಮೆ. ಕಾಡಲ್ಲಿ ನಿಂತಿರುವ ಲಂಟಾನದ ಎದುರು ಅದು ಹಿಡಿಯಷ್ಟೂ ಅಲ್ಲ, ಮತ್ತು ಕಿತ್ತ ಜಾಗಕ್ಕೆ ಮಳೆ ಬಿದ್ದ ಮೇಲೆ ಮತ್ತೆ ಹೋಗಿ ಹೊಸ ಸಸಿಗಳನ್ನು ಕೀಳಲೇಬೇಕು.