‘ಲೂಸಿ’ ಹಾಡಿನ ಹೆಸರಿನಲ್ಲಿ ಎಲ್‌ಎಸ್‌ಡಿ ಇದೆಯೇ?

ಪ್ರಶ್ನೆ: ಬೀಟಲ್ಸ್ ತಂಡದ ಹಾಡು ‘ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್’ ಅಂದರೆ ಎಲ್‌ಎಸ್‌ಡಿ ಎಂಬ ಮಾದಕ ಮದ್ದು ಎಂದು ಕೆಲವರು ಹೇಳುತ್ತಾರೆ, ‘ಆಲಿಸ್’ ಪುಸ್ತಕದಿಂದ ಬಂದದ್ದು ಎಂದು ಇನ್ನು ಕೆಲವರು. ಯಾವುದು ಸರಿ?

ಉತ್ತರ: ಹೆಸರು ಬಂದದ್ದು ಒಂದು ಮಗು ಬರೆದ ಚಿತ್ರದಿಂದ. ಹಾಡಿನೊಳಗಿನ ದೋಣಿ, ನದಿ ಬಂದದ್ದು ಪುಸ್ತಕದಿಂದ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲ ಅಕ್ಷರ ಅಕ್ಷರ ಬಿಡಿಸಿಯೇ ನೋಡೋಣ.

ಇಂಗ್ಲಿಷಿನಲ್ಲಿ ಆ ಹೆಸರಿಗೆ ಆರು ಪದ. ಮೊದಲಕ್ಷರಗಳನ್ನು ಸಾಲಾಗಿ ಬರೆಯಿರಿ: ಎಲ್, ಐ, ಟಿ, ಎಸ್, ಡಬ್ಲ್ಯೂ, ಡಿ. ಎಲ್‌ಎಸ್‌ಡಿ ಬೇಕೆಂದರೆ ಇವುಗಳಲ್ಲಿ ಮೂರನ್ನು ಎತ್ತಿ ಹಾಕಬೇಕು. ‘ಸಣ್ಣ ಪದಗಳನ್ನು ಬಿಡುವುದು ವಾಡಿಕೆಯಲ್ಲವೇ’ ಎನ್ನುತ್ತೀರಿ. ಒಪ್ಪೋಣ. ಆಗಲೂ ಹಾಗೆ ಓದಲು ಬರುತ್ತದೆ ಎಂದಷ್ಟೇ ಆಯಿತು, ಬರೆದವನು ಹಾಗೆ ಇಟ್ಟ ಎಂದಾಗಲಿಲ್ಲ. ಈ ಎರಡರ ನಡುವಿನ ಅಂತರವನ್ನು ಮರೆತದ್ದರಿಂದಲೇ ಈ ಕಥೆ ಇಷ್ಟು ವರ್ಷ ಬದುಕಿದೆ.

ಹಾಡು ಬರೆದ, ಬೀಟಲ್ಸ್ ತಂಡದ ಜಾನ್ ಲೆನನ್ ಮಗ ಜೂಲಿಯನ್ ಹುಟ್ಟಿದ್ದು 1963ರಲ್ಲಿ. ಶಿಶುವಿಹಾರದಲ್ಲಿ ತನ್ನ ಜೊತೆಯ ಲೂಸಿ ಎಂಬ ಹುಡುಗಿಯ ಚಿತ್ರ ಬರೆದು ಮನೆಗೆ ತಂದ. ಏನಿದು ಎಂದು ಅಪ್ಪ ಕೇಳಿದಾಗ ಮಗು ಹೇಳಿದ ಮಾತೇ ಹಾಡಿನ ಹೆಸರಾಯಿತು. 1967ರಲ್ಲಿ ಹಾಡು ಹೊರಬಂತು. 1980ರಲ್ಲಿ ಸಾಯುವವರೆಗೂ ಲೆನನ್ ಈ ಮಾತನ್ನು ಬದಲಿಸಲಿಲ್ಲ. ತಾನು ಎಲ್‌ಎಸ್‌ಡಿ ತೆಗೆದುಕೊಂಡದ್ದನ್ನು ಸಂದರ್ಶನಗಳಲ್ಲಿ ಬಾಯಿಬಿಟ್ಟು ಹೇಳಿಕೊಂಡ ಮನುಷ್ಯ ಆತ. ಅಷ್ಟೆಲ್ಲ ಹೇಳಿದವನಿಗೆ ಈ ಒಂದು ಹೆಸರನ್ನು ಮಾತ್ರ ಮುಚ್ಚಿಡುವ ಅಗತ್ಯ ಏನಿತ್ತು?

ಇಲ್ಲಿ ಎಡವುವವರೇ ಹೆಚ್ಚು. ಈ ಹಾಡಿನಲ್ಲಿ ಆ ಮದ್ದಿನ ಪ್ರಭಾವ ಇರುವುದು ಸ್ಪಷ್ಟ ಎಂದು 2004ರಲ್ಲಿ ಅದೇ ತಂಡದ ಪಾಲ್ ಮೆಕಾರ್ಟ್ನಿ ಹೇಳಿದ್ದನ್ನು ತಂದು ‘ನೋಡಿ, ಒಪ್ಪಿಕೊಂಡರು’ ಎನ್ನುತ್ತಾರೆ. ಹಾಡಿನ ಗುಂಗು ಬೇರೆ, ಹೆಸರಿನ ಹುಟ್ಟು ಬೇರೆ. ಮೊದಲನೆಯದನ್ನು ಒಪ್ಪಿದ ಮಾತ್ರಕ್ಕೆ ಎರಡನೆಯದು ಸಾಬೀತಾಗುವುದಿಲ್ಲ.

‘ಆಲಿಸ್’ ಪುಸ್ತಕದ ವಿಷಯಕ್ಕೆ ಬರೋಣ. ಹಾಡಿನ ಚಿತ್ರಗಳ ಮೂಲ ಎಂದು ಲೆನನ್ ಹೆಸರಿಸಿದ ದೃಶ್ಯ ಲೂಯಿಸ್ ಕ್ಯಾರಲ್‌ನ ‘ಥ್ರೂ ದ ಲುಕಿಂಗ್ ಗ್ಲಾಸ್’ನ (1871) ಐದನೇ ಅಧ್ಯಾಯದಲ್ಲಿದೆ. ಅಂಗಡಿಯಲ್ಲಿ ಕುರಿಯೊಂದು ಹೆಣಿಗೆ ಹಾಕುತ್ತಿರುತ್ತದೆ. ನೋಡನೋಡುತ್ತ ಅಂಗಡಿ ಹೋಗಿ ದೋಣಿಯಾಗುತ್ತದೆ, ಆಲಿಸ್ ಹುಟ್ಟು ಹಾಕತೊಡಗುತ್ತಾಳೆ. ಈಗ ಹಾಡಿನ ಮೊದಲ ಸಾಲು ಕೇಳಿ: ನದಿ, ದೋಣಿ.

ಅಕ್ಷರಗಳಲ್ಲಿ ಗುಟ್ಟು ಹುಡುಕುವವರಿಗೆ ಇದೇ ಪುಸ್ತಕದ ಕೊನೆಯಲ್ಲಿ ನಿಜವಾದ ಗುಟ್ಟೊಂದು ಕಾದಿದೆ. ಅಲ್ಲಿ 21 ಸಾಲಿನ ಒಂದು ಪದ್ಯವಿದೆ, ಅದೂ ದೋಣಿಯಿಂದಲೇ ಶುರು. ಪ್ರತಿ ಸಾಲಿನ ಮೊದಲಕ್ಷರವನ್ನು ಮೇಲಿಂದ ಕೆಳಕ್ಕೆ ಓದಿದರೆ ‘ಆಲಿಸ್ ಪ್ಲೆಸೆನ್ಸ್ ಲಿಡೆಲ್’ ಎಂಬ ಹೆಸರು ಮೂಡುತ್ತದೆ. ಕ್ಯಾರಲ್ ಯಾರಿಗಾಗಿ ಈ ಕಥೆಗಳನ್ನು ಕಟ್ಟಿದನೋ ಆ ಹುಡುಗಿಯ ಪೂರ್ತಿ ಹೆಸರು. ಇಂಗ್ಲಿಷಿನಲ್ಲಿ 5, 9, 7 ಅಕ್ಷರ, ಒಟ್ಟು 21. ಒಂದನ್ನೂ ಬಿಡಬೇಕಾಗಿಲ್ಲ, ಒಂದನ್ನೂ ಸೇರಿಸಬೇಕಾಗಿಲ್ಲ. ಬೇಕೆಂದು ಅಡಗಿಸಿದ ಹೆಸರು ಹೀಗಿರುತ್ತದೆ.

ಪುಸ್ತಕದಿಂದ ಬಂದವು ಎನ್ನುವ ಬೇರೆ ಹಾಡುಗಳನ್ನು ನೀವೇ ಪರೀಕ್ಷಿಸಬಹುದು. ಮೊದಲು ಇಸವಿ ನೋಡಿ. ಮೂಲ ಪುಸ್ತಕದ್ದಲ್ಲ, ಹಾಡು ಬರೆದವರಿಗೆ ಗೊತ್ತಿರುವ ಭಾಷೆಗೆ ಅದು ಬಂದ ಇಸವಿ. ರಷ್ಯನ್ ಲೇಖಕ ಬುಲ್ಗಾಕೊವ್‌ನ ‘ಮಾಸ್ಟರ್ ಅಂಡ್ ಮಾರ್ಗರಿಟಾ’ ಇಂಗ್ಲಿಷಿಗೆ ಬಂದದ್ದು 1967ರಲ್ಲಿ, ಅದರಿಂದ ಬಂದದ್ದು ಎನ್ನುವ, ರೋಲಿಂಗ್ ಸ್ಟೋನ್ಸ್ ತಂಡದ ಹಾಡು ‘ಸಿಂಪಥಿ ಫಾರ್ ದ ಡೆವಿಲ್’ 1968ರದ್ದು. ಲೆಕ್ಕ ಕೂಡುತ್ತದೆ. ಆಮೇಲೆ, ಹಾಡಿನ ಹೆಸರಿನ ಪದಗುಚ್ಛ ಪುಸ್ತಕಕ್ಕಿಂತ ಹಳೆಯದೇ ಎಂದು ನೋಡಿ. ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಹೆಮಿಂಗ್ವೇಯ 1940ರ ಕಾದಂಬರಿ ನಿಜ, ಆದರೆ ಆ ಮಾತು ಇಂಗ್ಲಿಷ್ ಕವಿ ಜಾನ್ ಡನ್ 1624ರಲ್ಲಿ ಬರೆದ ಗದ್ಯದ್ದು. (ಗದ್ಯ. ಪದ್ಯವಲ್ಲ.) ಹಾಗಾದರೆ ಇದೇ ಹೆಸರಿನ, ಮೆಟಾಲಿಕಾ ತಂಡದ 1984ರ ಹಾಡು ಯಾರಿಂದ ಬಂದದ್ದು? ಹೆಸರು ಬಿಟ್ಟು ಒಳಗೆ ನೋಡಿ: ಗುಡ್ಡದ ಮೇಲೆ ಹೋರಾಡಿ ಸಾಯುವ ಸೈನಿಕರು. ಆ ಗುಡ್ಡ ಡನ್‌ನಲ್ಲಿಲ್ಲ, ಹೆಮಿಂಗ್ವೇಯಲ್ಲಿದೆ.

ಪುಸ್ತಕದ ಹೆಸರನ್ನು ಹಾಗೇ ಎತ್ತಿಕೊಂಡರೆ ಅನುಮತಿ ಬೇಡವೇ? ಅಮೆರಿಕದಲ್ಲಿ ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ. ಕಥೆಯನ್ನು ರಂಗಕ್ಕೆ ತರುವ ಮಾತೇ ಬೇರೆ. ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಸಂಗೀತ ನಾಟಕ ಮಾಡಲು ಗಾಯಕ ಡೇವಿಡ್ ಬೋವಿ ಹೊರಟಾಗ ಆರ್ವೆಲ್‌ನ ಪತ್ನಿ ಸೋನಿಯಾ ಒಪ್ಪಲಿಲ್ಲ. ನಾಟಕ ನಿಂತಿತು. ಅದಕ್ಕೆಂದು ಕಟ್ಟಿದ್ದ ‘1984’, ‘ಬಿಗ್ ಬ್ರದರ್’ ಹಾಡುಗಳು ಮಾತ್ರ 1974ರ ‘ಡೈಮಂಡ್ ಡಾಗ್ಸ್’ ಆಲ್ಬಮ್‌ನಲ್ಲಿ ಅದೇ ಹೆಸರಲ್ಲಿ ಬಂದವು.