ಕೋಡ್ ಎಐ ಬರೆಯುತ್ತದಲ್ಲ, ಮತ್ತೆ ವಿನ್ಯಾಸ ಯಾಕೆ?

ಪ್ರಶ್ನೆ: ದೊಡ್ಡ ಅಪ್ಲಿಕೇಶನ್ ಒಂದನ್ನು ಎಐ ಸಹಾಯದಿಂದ ಕಟ್ಟಬೇಕೆಂದಿದ್ದೇನೆ. ಕೋಡ್ ಅದೇ ಬರೆಯುತ್ತದೆ, ತಪ್ಪಾದರೆ ಮತ್ತೆ ಬರೆಸಿದರಾಯಿತು. ಹಾಗಿರುವಾಗ ಮೊದಲೇ ಕೂತು ವಿನ್ಯಾಸ ಮಾಡಲೇಬೇಕಾ?

ಮಾಡಲೇಬೇಕು. ಈ ಪ್ರಶ್ನೆಗೆ ಇದುವರೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆಯ ನಡುವೆ ಕೂತಿರುವ ಆ ಒಂದು ಮಾತು ಮಾತ್ರ ಬದಲಾಗುವುದಿಲ್ಲ: "ತಪ್ಪಾದರೆ ಮತ್ತೆ ಬರೆಸಿದರಾಯಿತು." ಯಾವ ಉಪಕರಣ ಒಳ್ಳೆಯದು, ಎಷ್ಟು ಪುಟ ಬರೆಯಬೇಕು ಎಂಬುದೆಲ್ಲ ಆಮೇಲೆ. ಮೊದಲು ಈ ಮಾತನ್ನು ಬೇರುಸಮೇತ ಕೀಳಬೇಕು.

ಒಂದು ಹಳ್ಳಿಯ ಹಾಲಿನ ಡೈರಿಗೆ ನಾವು ಮಾಡಿಕೊಟ್ಟ ಅಪ್ಲಿಕೇಶನ್ ಕಥೆ ಹೇಳುತ್ತೇನೆ. ಕೆಲಸ ನಿಮಗೆಲ್ಲ ಗೊತ್ತಿರುವುದೇ. ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಸದಸ್ಯರು ಹಾಲು ತರುತ್ತಾರೆ, ಅಳತೆಯಾಗುತ್ತದೆ, ಯಂತ್ರ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ತೋರಿಸುತ್ತದೆ, ದರಪಟ್ಟಿ ನೋಡಿ ಹಣ ಲೆಕ್ಕ ಹಾಕುತ್ತಾರೆ, ಹದಿನೈದು ದಿನಕ್ಕೊಮ್ಮೆ ಬಟವಾಡೆ. ಎಐಗೆ ಇಷ್ಟು ಹೇಳಿದೆವು. ಎರಡು ಸಂಜೆಯಲ್ಲಿ ಅಚ್ಚುಕಟ್ಟಾದ ಅಪ್ಲಿಕೇಶನ್ ಸಿದ್ಧವಾಯಿತು. ಪರೀಕ್ಷೆಗಳೆಲ್ಲ ಪಾಸು.

ಅದು ಪ್ರತಿ ಸರದಿಯ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಉಳಿಸುತ್ತಿತ್ತು. ದರ ಬೇರೆ ಪಟ್ಟಿಯಲ್ಲಿತ್ತು. ಹಣವನ್ನು ಎಲ್ಲೂ ಉಳಿಸುತ್ತಿರಲಿಲ್ಲ, ಪರದೆ ತೆರೆದಾಗ ಗುಣಿಸಿ ತೋರಿಸುತ್ತಿತ್ತು. ಒಕ್ಕೂಟ ದರ ಪರಿಷ್ಕರಿಸುವವರೆಗೂ ಎಲ್ಲ ಸರಿಯಾಗಿಯೇ ನಡೆಯಿತು. ಲೀಟರಿಗೆ 34 ರೂಪಾಯಿ ಇದ್ದದ್ದು 36 ಆಯಿತು ಎಂದುಕೊಳ್ಳಿ. ಕಾರ್ಯದರ್ಶಿ ದರಪಟ್ಟಿಯಲ್ಲಿ ಹೊಸ ಅಂಕಿ ಹಾಕಿದರು. ಹಿಂದಿನ ತಿಂಗಳು 8 ಲೀಟರ್ ಹಾಕಿ 272 ರೂಪಾಯಿ ಪಡೆದಿದ್ದ ರೈತ ತನ್ನ ಫೋನಿನಲ್ಲಿ ಅದೇ ದಿನದ ಲೆಕ್ಕ ನೋಡಿದರೆ 288 ಎಂದಿತ್ತು. ಉಳಿದ 16 ರೂಪಾಯಿ ಎಲ್ಲಿ ಹೋಯಿತು? ಊರಿನ ಪ್ರಕಾರ ಕಾರ್ಯದರ್ಶಿಯ ಜೇಬಿಗೆ. ಇಪ್ಪತ್ತು ವರ್ಷ ಒಂದು ಪೈಸೆ ಆಚೀಚೆ ಮಾಡದ ಮನುಷ್ಯ ಎರಡು ದಿನ ಡೈರಿ ಬಾಗಿಲಲ್ಲಿ ನಿಂತು ಬೈಸಿಕೊಂಡರು.

ಈಗ ನಿಮ್ಮ ಮಾತಿಗೆ ಬರೋಣ. ಮತ್ತೆ ಬರೆಸಿದೆವು, ಅರ್ಧ ಗಂಟೆಯಲ್ಲಿ ಮುಗಿಯಿತು. ಪ್ರತಿ ದರಕ್ಕೂ ಜಾರಿಯಾಗುವ ದಿನಾಂಕ, ಪ್ರತಿ ಸರದಿಗೂ ಆ ಹೊತ್ತಿನ ದರ ಮತ್ತು ಮೊತ್ತ, ಎಲ್ಲ ಬಂತು. ಆದರೆ ಅಲ್ಲಿಯವರೆಗೆ ತುಂಬಿದ್ದ ಮೂರು ತಿಂಗಳ ಲೆಕ್ಕ? ಯಾವ ದಿನ ಯಾವ ದರ ಇತ್ತು ಎಂಬುದು ಕಂಪ್ಯೂಟರಿನಲ್ಲಿ ಎಲ್ಲೂ ಇಲ್ಲ, ಹೊಸ ಅಂಕಿ ಹಳೆಯದನ್ನು ಅಳಿಸಿಹಾಕಿತ್ತು. ತಪ್ಪಾಗಿ ಒತ್ತಿದ ಫ್ಯಾಟ್ ಅಂಕಿಗಳನ್ನು ಆಮೇಲೆ ತಿದ್ದಿದ್ದರು, ಮೊದಲು ಎಷ್ಟಿತ್ತು ಎಂಬುದೂ ಇಲ್ಲ. ಕಾಗದದ ರಿಜಿಸ್ಟರ್ ಮುಂದಿಟ್ಟುಕೊಂಡು ನಾಲ್ಕು ದಿನ ಕೂತು ಸಾಲು ಸಾಲಾಗಿ ತುಂಬಿದೆವು. ರಿಜಿಸ್ಟರ್ ಇತ್ತು, ಬಚಾವಾದೆವು. ಇಲ್ಲದಿದ್ದರೆ ಯಾವ ಎಐ ಕೂಡ ಆ ಅಂಕಿಗಳನ್ನು ತಂದುಕೊಡುತ್ತಿರಲಿಲ್ಲ. ಕೇಳಿದ್ದರೆ ನಂಬುವ ಹಾಗಿರುವ ಅಂದಾಜಿನ ಅಂಕಿ ತುಂಬಿಕೊಡುತ್ತಿತ್ತೇನೋ, ಅದು ಇನ್ನೂ ಅಪಾಯ.

ಕೋಡನ್ನು ಎಷ್ಟು ಸಲ ಬೇಕಾದರೂ ಬರೆಸಬಹುದು. ಆ ದಿನ ದಾಖಲಾಗದೇ ಹೋದ ಮಾಹಿತಿಯನ್ನು ಬರೆಸಲಾಗದು. ಒಮ್ಮೆ ಹೋದ ಜನರ ನಂಬಿಕೆಯನ್ನೂ ಅಷ್ಟೆ.

ಮತ್ತೆ ಮತ್ತೆ ಬರೆಸುವುದರಲ್ಲಿ ಇನ್ನೊಂದು ತೊಂದರೆಯಿದೆ. ನೀವು ಹೇಳದೆ ಬಿಟ್ಟ ಪ್ರತಿ ಸಣ್ಣ ನಿರ್ಧಾರವನ್ನೂ ಅದು ಪ್ರತಿ ಸಲ ಹೊಸದಾಗಿ ತೆಗೆದುಕೊಳ್ಳುತ್ತದೆ. 7.3 ಲೀಟರ್ ಹಾಲಿಗೆ 34.25ರ ದರದಲ್ಲಿ 250.025 ರೂಪಾಯಿ ಬರುತ್ತದೆ. ಪ್ರತಿ ಸರದಿಗೂ 250.03ಕ್ಕೆ ಏರಿಸಿ ಹದಿನೈದು ದಿನದ 30 ಸರದಿ ಕೂಡಿದರೆ 7500.90. ಕೂಡಿದ ಮೇಲೆ ಏರಿಸುವುದಾದರೆ 7500.75. ನಮ್ಮಲ್ಲಿ ಪಾಸ್‌ಬುಕ್ ಪರದೆ ಮೊದಲ ರೀತಿ ಲೆಕ್ಕ ಹಾಕುತ್ತಿತ್ತು, ಬಟವಾಡೆ ಪಟ್ಟಿ ಎರಡನೆಯ ರೀತಿ. ಬೇರೆ ಬೇರೆ ದಿನ ಬರೆಸಿದ್ದಕ್ಕೆ ಹೀಗಾಯಿತು. 15 ಪೈಸೆಗೆ ರೈತ ಜಗಳಕ್ಕೆ ಬರುವುದಿಲ್ಲ, ಸರಿ. ಆದರೆ ಇನ್ನೂರು ಸದಸ್ಯರ ಸಂಘದಲ್ಲಿ ಆಡಿಟ್ ದಿನ ಯಾವ ಮೊತ್ತವೂ ತಾಳೆಯಾಗುವುದಿಲ್ಲ.

ಇಷ್ಟು ಹೇಳಿದ ಮೇಲೂ "ದೊಡ್ಡ ದೊಡ್ಡವರೇ ಹಾಗೆ ಮಾಡುತ್ತಾರಲ್ಲ ಸರ್" ಎನ್ನುತ್ತಾರೆ. ಹೇಳುವುದು ಎಐ ಸಂಶೋಧಕ ಆಂಡ್ರೆ ಕರ್ಪಾತಿಯವರ ಹೆಸರು. 2025ರ ಫೆಬ್ರವರಿಯಲ್ಲಿ ‘ವೈಬ್ ಕೋಡಿಂಗ್’ (ಎಐ ಬರೆದ ಕೋಡನ್ನು ಓದಿ ನೋಡದೆ ಹಾಗೇ ಒಪ್ಪಿಕೊಂಡು ಹೋಗುವುದು) ಎಂಬ ಪದವನ್ನು ಎಕ್ಸ್ ಜಾಲತಾಣದ ಒಂದು ಬರಹದಲ್ಲಿ ಚಾಲ್ತಿಗೆ ತಂದವರು ಅವರೇ, ನಿಜ. ಆದರೆ ಬಳಸಿ ಬಿಸಾಡುವ ವಾರಾಂತ್ಯದ ಸಣ್ಣ ಪ್ರಯೋಗಗಳಿಗೆ ಇದು ಪರವಾಗಿಲ್ಲ ಎಂದು ಆ ಬರಹದಲ್ಲೇ ಹೇಳಿದ್ದರು. ದಯವಿಟ್ಟು ಅದನ್ನು ಪೂರ್ತಿ ಓದಿ. ಡೈರಿಯ ಲೆಕ್ಕ ಬಳಸಿ ಬಿಸಾಡುವಂಥದ್ದಲ್ಲ.

ಹಾಗಾದರೆ ಎಷ್ಟು ವಿನ್ಯಾಸ? ನೂರು ಪುಟದ ದಾಖಲೆ ಬೇಡ. ನಾಲ್ಕೈದು ಪುಟ ಸಾಕು, ಆದರೆ ಅಷ್ಟು ಪುಟ ತುಂಬಲು ನೀವು ಡೈರಿಗೆ ಹೋಗಿ ಎರಡು ಸರದಿ ನಿಂತು ನೋಡಬೇಕು. ನಾವು ಎರಡನೆಯ ಸಲ ಹೋದಾಗ ಕಂಡದ್ದು: ಕೆಲವರು ಹಸುವಿನ ಹಾಲು, ಎಮ್ಮೆಯ ಹಾಲು ಎರಡನ್ನೂ ಬೇರೆ ಬೇರೆ ಕ್ಯಾನಿನಲ್ಲಿ ತರುತ್ತಾರೆ. ಎಐ ಬರೆದ ಕೋಡ್ ‘ಒಬ್ಬ ಸದಸ್ಯನಿಗೆ ಒಂದು ಸರದಿಗೆ ಒಂದೇ ನಮೂದು’ ಎಂದು ನಿಯಮ ಹಾಕಿಕೊಂಡು ಎರಡನೆಯ ಕ್ಯಾನನ್ನು ತಿರಸ್ಕರಿಸುತ್ತಿತ್ತು. ನಿಯಮ ತೆಗೆದರೆ ಬೇರೆ ಕಾಟ. ನೆಟ್‌ವರ್ಕ್ ಬಂದು ಹೋಗಿ ಮಾಡುವ ಊರು, ಫೋನ್ ಒಂದೇ ನಮೂದನ್ನು ಎರಡು ಸಲ ಕಳಿಸಿ ಹಾಲು ಎರಡರಷ್ಟಾಗುತ್ತಿತ್ತು. ಕೊನೆಗೆ ಫೋನಿನಲ್ಲೇ ಪ್ರತಿ ನಮೂದಿಗೂ ಒಂದು ಗುರುತಿನ ಸಂಖ್ಯೆ ಹುಟ್ಟಬೇಕು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಬಿಟ್ಟುಬಿಡಬೇಕು ಎಂದು ತೀರ್ಮಾನಿಸಿದೆವು. ಇದು ಒಂದೇ ಸಾಲು. ಆ ಸಾಲು ಹೊಳೆಯಬೇಕಾದರೆ ಡೈರಿಯ ಕಟ್ಟೆ ಮೇಲೆ ಕೂರಬೇಕಿತ್ತು.

ಯಾವುದು ಬದಲಾಗುತ್ತದೆ ಎಂಬುದನ್ನು ಮುಖ್ಯವಾಗಿ ಬರೆದುಕೊಳ್ಳಿ. 1972ರಲ್ಲೇ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಒಂದು ಪ್ರಬಂಧದಲ್ಲಿ ಇದನ್ನು ಹೇಳಿದ್ದಾರೆ: ಪ್ರೋಗ್ರಾಮನ್ನು ಕೆಲಸ ನಡೆಯುವ ಕ್ರಮದಲ್ಲಿ ತುಂಡು ಮಾಡಬೇಡಿ, ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದೊಳಗೆ ಬಚ್ಚಿಡಿ. ದರದ ಲೆಕ್ಕ ಒಂದೇ ಕಡೆ ಇರಲಿ, ಪಾಸ್‌ಬುಕ್ಕೂ ಬಟವಾಡೆಯೂ ಎಸ್‌ಎಂಎಸ್ಸೂ ಅಲ್ಲಿಗೇ ಹೋಗಿ ಕೇಳಲಿ. ಎಐ ಜೊತೆ ಕೆಲಸ ಮಾಡುವಾಗ ಇದಕ್ಕೆ ಬೆಲೆ ಹೆಚ್ಚು, ಯಾಕೆಂದರೆ ಒಂದು ಸಣ್ಣ ಭಾಗವನ್ನು ಮಾತ್ರ ಅದರ ಮುಂದಿಟ್ಟು ಕೆಲಸ ಮಾಡಿಸಬಹುದು.

ವಿನ್ಯಾಸಕ್ಕೂ ಎಐಯನ್ನೇ ಬಳಸಿ, ಖಂಡಿತ ಬಳಸಿ. "ಈಗಲೇ ಕೋಡ್ ಬರೆಯಬೇಡ, ಮೊದಲು ನನಗೆ ಪ್ರಶ್ನೆ ಕೇಳು" ಎನ್ನಿ. ಒಳ್ಳೆಯ ಪ್ರಶ್ನೆಗಳನ್ನೇ ಕೇಳುತ್ತದೆ. ಉತ್ತರಗಳನ್ನು ಕಡತದಲ್ಲಿ ಬರೆದಿಡಿ. ಮಾತುಕತೆ ಹೊಸದಾಗಿ ಶುರುವಾದಾಗ ನಿನ್ನೆ ಒಪ್ಪಿಕೊಂಡದ್ದು ಅದಕ್ಕೆ ತಾನಾಗಿ ನೆನಪಿರುತ್ತದೆ ಎಂದು ನಂಬಿ ಕೂರಬೇಡಿ. ಕೋಡ್ ಬರೆಯುವ ಎಐ ಉಪಕರಣ ‘ಕ್ಲಾಡ್ ಕೋಡ್’ ಆದರೆ ‘ಕ್ಲಾಡ್.ಎಂಡಿ’ (CLAUDE.md), ಬೇರೆ ಹಲವು ಉಪಕರಣಗಳಲ್ಲಿ ‘ಏಜೆಂಟ್ಸ್.ಎಂಡಿ’ (AGENTS.md) ಎಂಬ ಕಡತವನ್ನು ಶುರುವಿನಲ್ಲೇ ಓದಿಕೊಳ್ಳುತ್ತದೆ. ಮುಖ್ಯ ನಿಯಮಗಳು ಅಲ್ಲಿರಲಿ.

ಈ ಕಡತವನ್ನು ಕನ್ನಡದಲ್ಲಿ ಬರೆಯಬಹುದಾ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು. ಬರೆಯಬಹುದು. ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಪಠ್ಯವನ್ನು ಒಡೆದು ಓದುವ ತುಣುಕು, ಖರ್ಚಿನ ಲೆಕ್ಕವೂ ಇದರಲ್ಲೇ) ತಿನ್ನುತ್ತದೆ, ಅಷ್ಟೆ. ಕಾರ್ಯದರ್ಶಿ ತಾನೇ ಓದಿ "ಇದು ಹೀಗಲ್ಲ" ಎಂದು ತಿದ್ದಬಲ್ಲ ಕಡತಕ್ಕೆ ಆ ಖರ್ಚು ಏನೂ ಅಲ್ಲ. ಕೊನೆಯಲ್ಲಿ ಒಂದು ಪದಪಟ್ಟಿ ಸೇರಿಸಿ: ಬಟವಾಡೆಗೆ ಕೋಡಿನಲ್ಲಿ ಯಾವ ಹೆಸರು, ಸರದಿಗೆ ಯಾವುದು. ಇಲ್ಲದಿದ್ದರೆ ಬಟವಾಡೆ ಒಂದು ಕಡೆ ‘ಪೇಮೆಂಟ್’, ಇನ್ನೊಂದು ಕಡೆ ‘ಸೆಟಲ್‌ಮೆಂಟ್’ ಆಗುತ್ತದೆ.

ಸದಸ್ಯರ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ಸಾಲೂ ಬೇಕು. ‘ಕೊ’ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಸಂಖ್ಯೆಯಾಗಿ ಇಡುವ ವ್ಯವಸ್ಥೆ) ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಪಟ್ಟಿಯಿಂದ ಪರಿವರ್ತಿಸಿದ ‘ಕೊಟ್ರೇಶ’ ಎಂಬ ಹೆಸರು ಹುಡುಕಿದರೆ ಸಿಗುತ್ತಿರಲಿಲ್ಲ, ಅದೇ ಸದಸ್ಯನನ್ನು ಎರಡನೆಯ ಸಲ ಸೇರಿಸಿಬಿಟ್ಟಿದ್ದರು. ಉಳಿಸುವ ಮುನ್ನ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಎರಡು ಚಿಹ್ನೆಗಳನ್ನು ಒಂದೇ ಚಿಹ್ನೆಯಾಗಿಸುವ ರೂಪಕ್ಕೆ, ತರಬೇಕು, ಹುಡುಕುವ ಪದವನ್ನೂ ಅದೇ ರೂಪಕ್ಕೆ ತಂದು ಹೋಲಿಸಬೇಕು ಎಂದು ಕಡತದಲ್ಲಿ ಬರೆದಿಡಿ.